ಬೊಂಬಾಯಿ–ಸೇಲಂ: ಏಳು ಗಂಟೆ ಇಪ್ಪತ್ತು ನಿಮಿಷ

೭-೫-೧೯೭೪, ಮಂಗಳವಾರ

ನಾಳೆಯಿಂದ ರೈಲ್ವೆ ಮುಷ್ಕರ. ಜಂಕ್ಷನ್ನಿನ ಎನ್‌ಕ್ವೈರಿ ಕೌಂಟರಿನಲ್ಲಿ ಬಂದವರಿಗೆಲ್ಲ ಒಂದೇ ಉತ್ತರ — ಗೊತ್ತಿಲ್ಲ. ಹದಿನಾರು ವರ್ಷದ ಸರ್ವಿಸಿನಲ್ಲಿ ಈ ಮಾತು ಹೇಳಿದ್ದು ಇದೇ ಮೊದಲು. ನಾಚಿಕೆಯಾಯಿತು.

ಅಪ್ಪನಿಗೆ ಎರಡು ಚಮಚ ಗಂಜಿ ಇಳಿಯಿತು. ಮೂರನೆಯದು ಹೊರಗೆ ಬಂತು.

೯-೫, ಗುರುವಾರ

ಡಾಕ್ಟರ್ ಸುಬ್ಬರಾಯನ್ ನಾಡಿ ಹಿಡಿದು ನೋಡಿದರು. "ಸೊಲ್ಲ ಮುಡಿಯಾದು ಸಾರ್, ಹೇಳಕ್ಕಾಗಲ್ಲ. ಎರಡು ದಿನ, ಮೂರು ದಿನ..."

ಬೊಂಬಾಯಿಗೆ, ಅಕ್ಕ ತುಂಗಾಬಾಯಿಗೆ ಟ್ರಂಕ್ ಕಾಲ್. ರೈಲು ನಂಬಬೇಡ, ಪ್ಲೇನಿನಲ್ಲಿ ಬಾ ಎಂದೆ. "ನಾ ಬರೋ ತನಕ ಇರ್ತಾರೇನೋ, ಹಯಗ್ರೀವಾ?" ಇರ್ತಾರೆ ಎಂದೆ. ನಾನು ಯಾರು ಹೇಳಲಿಕ್ಕೆ?

೧೦-೫, ಶುಕ್ರವಾರ

ಅಕ್ಕನಿಗೆ ಶನಿವಾರದ ಪ್ಲೇನ್ ಟಿಕೆಟ್ ಸಿಕ್ಕಿದೆ. ಅಪ್ಪ ಕೇಳಿದರು, "ತುಂಗಾ... ಎಷ್ಟು ಹೊತ್ತೋ?"

ಹೇಳಿದೆ. ಬೆಂಗಳೂರಿಗೆ ವಿಮಾನ ಒಂದು ಗಂಟೆ ಮೂವತ್ತೈದು ನಿಮಿಷ. ಇಳಿದು ಹೊರಬರಲು ಮುಕ್ಕಾಲು. ಅಲ್ಲಿಂದ ಸೇಲಂಗೆ ಟ್ಯಾಕ್ಸಿ, ಇನ್ನೂರು ಕಿಲೋಮೀಟರ್, ಐದು ಗಂಟೆ. ಬೆಳಿಗ್ಗೆ ಎಂಟೂ ಹತ್ತಕ್ಕೆ ಹೊರಟರೆ ಮಧ್ಯಾಹ್ನ ಮೂರೂವರೆಗೆ ಮನೆಯ ಬಾಗಿಲಲ್ಲಿ. ಅಪ್ಪ ತಲೆಯಾಡಿಸಿದರು. ಆಮೇಲೆ ದೇವರ ಗೂಡಿನ ಕಡೆ ನೋಡಿದರು.

ಅಲ್ಲಿ ಗಂಗೆಯ ಗಿಂಡಿ ಇದೆ. ಕಾಶಿಯಿಂದ ತಾವೇ ಹೊತ್ತು ತಂದದ್ದು, ಬಾಯಿಗೆ ಬೆಸುಗೆ ಹಾಕಿದ್ದು. ಕೊನೆಯ ಹೊತ್ತಿಗೆಂದೇ ಇಟ್ಟುಕೊಂಡದ್ದು.

೧೧-೫, ಶನಿವಾರ. ಬೆಳಿಗ್ಗೆ ೧೦

ಇಷ್ಟು ಹೊತ್ತಿಗೆ ಅಕ್ಕ ಬೆಂಗಳೂರಿನಲ್ಲಿ.

ಮಧ್ಯಾಹ್ನ ೧-೩೦

ಮೇಲುಸಿರು. ನನ್ನ ಹೆಂಡತಿ ಗಂಗೂಬಾಯಿ ಹೇಳಿದಳು, "ಮಾವನವರಿಗೆ ಗಂಗೆ ಹಾಕಿಬಿಡಿ. ಅಕ್ಕ ಬಂದು ಮತ್ತೆ ಹಾಕ್ಲಿ."

ಬೇಡ ಎಂದೆ. ಗಿಂಡಿ ಒಡೆದರೆ ಅಪ್ಪನಿಗೆ ಹಸಿರು ಬಾವುಟ ತೋರಿಸಿದ ಹಾಗೆ. ಹೊರಟೇಬಿಡುತ್ತಾರೆ. ಇನ್ನು ಎರಡೇ ಗಂಟೆ. ಅಕ್ಕ ಕೃಷ್ಣಗಿರಿ ದಾಟಿರಬೇಕು.

೩-೩೦

ಬಂದಿಲ್ಲ. ಗಂಗೂ ಬೈದುಕೊಂಡೇ ಪುರೋಹಿತರನ್ನು ಕರೆಯಲು ಹೋದಳು. ಮನೆಯಲ್ಲಿ ನಾನು, ಅಪ್ಪ.

೪-೩೦

ನಾಲ್ಕೂ ಐದಕ್ಕೆ ಹೋದರು. ಅದಕ್ಕೆ ಮೊದಲು ಎರಡು ಸಲ "ಗಂಗೆ" ಎಂದರು. ಸ್ಪಷ್ಟವಾಗಿಯೇ ಎಂದರು. ನಾನು, "ಇರಿ ಅಪ್ಪ, ಅಕ್ಕ ತೊಪ್ಪೂರು ಘಾಟಿ ಇಳೀತಿದಾಳೆ" ಎಂದೆ. ನಲ್ಲಿ ನೀರಿನಲ್ಲಿ ಹತ್ತಿ ಅದ್ದಿ ತುಟಿಗೆ ಒತ್ತಿದೆ. ಬಾಯಿ ಮುಚ್ಚಿಕೊಂಡರು.

ಗಂಗೂ ಬಂದವಳೇ, "ಹಾಕಿದ್ರಾ?" ಎಂದಳು. ಹಾಕಿದೆ ಎಂದೆ. ಗಿಂಡಿಯನ್ನು ಆಗಲೇ ನನ್ನ ಟ್ರಂಕಿನ ತಳಕ್ಕೆ ಸೇರಿಸಿದ್ದೆ. ಯಾಕೆ ಹಾಗೆ ಮಾಡಿದೆ... ಪಾಪಿ ನಾನು.

೧೨-೫, ಭಾನುವಾರ. ಬೆಳಿಗ್ಗೆ ೬

ಅಕ್ಕ ನಿನ್ನೆ ದೀಪ ಹಚ್ಚುವ ಹೊತ್ತಿಗೆ ಬಂದಳು. ತೊಪ್ಪೂರು ಘಾಟಿನಲ್ಲಿ ಲಾರಿ ಅಡ್ಡಬಿದ್ದು ಮೂರು ಗಂಟೆ ದಾರಿ ಕಟ್ಟಿತ್ತಂತೆ. ಅದೇ ಘಾಟಿನಲ್ಲಿ ನಾನೇ ಎಷ್ಟು ಸಲ ಸಿಕ್ಕಿಕೊಂಡಿಲ್ಲ? ಲೆಕ್ಕಕ್ಕೆ ಹಿಡಿಯಲಿಲ್ಲ.

ಅಪ್ಪನ ಕಾಲು ಹಿಡಿದು ಕೂತಿದ್ದಳು. "ಗಂಗೆಯಾದ್ರೂ ಬಾಯಿಗೆ ಬಿತ್ತಲ್ಲ, ಅಷ್ಟು ಸಾಕು ಕಣೋ" ಎಂದು ನನ್ನ ಬೆನ್ನು ಸವರಿದಳು. ನನಗೆ ಅಲ್ಲೇ ಸತ್ತುಹೋಗಬೇಕೆನಿಸಿತು.

೬-೪೦

ಸ್ನಾನ ಮಾಡಿಸಿದ್ದಾಯಿತು. ಪುರೋಹಿತರು ಉಳಿದ ಗಂಗೆ ಕೇಳುತ್ತಿದ್ದಾರೆ. ಕೋಣೆಯ ಚಿಲಕ ಹಾಕಿಕೊಂಡಿದ್ದೇನೆ. ಗಿಂಡಿ ನನ್ನ ತೊಡೆಯ ಮೇಲಿದೆ, ಬೆಸುಗೆ ಹಾಗೇ ಇದೆ.

ಬಾಗಿಲಾಚೆ ಅಕ್ಕ. "ಗೂಡಲ್ಲಿ ಗಿಂಡಿ ಇಲ್ವಲ್ಲೋ, ಎಲ್ಲಿಟ್ಟೆ? ನನ್ನ ಕೈಯಿಂದಲೂ ಒಂದು ಹನಿ ಹಾಕ್ತೀನಿ... ಹಯಗ್ರೀವಾ, ಬಾಗಿಲು ತೆಗಿ."

ತೆಗೆದರೆ ಅವಳಿಗೆ ಈ ಬೆಸುಗೆ ಕಾಣುತ್ತದೆ.