ಹನಿ ಹಾಕುವ ಹಕ್ಕು

ಅಂಗಡಿಯ ಮೇಜಿನಿಂದ,
ಮಾರ್ಚ್ ೧೧, ಬುಧವಾರ ಮಧ್ಯಾಹ್ನ

ಪ್ರೀತಿಯ ಗೂಬೆಮರಿಗೆ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೋ, ಇಲ್ಲ ನಮಗೆ ಹೇಳದೆ ಇನ್ನೂ ಸಾಕಿಕೊಂಡಿದ್ದೀಯೋ? ಹಾಸ್ಟೆಲಿನ ಕಿಟಕಿಗೆ ಗಾಜು ಹಾಕಿಸಿದರಾ ಎಂದು ಹೋದ ವಾರವೆಲ್ಲ ಅಮ್ಮ ದಿನಕ್ಕೆರಡು ಸಲ ಕೇಳುತ್ತಿದ್ದಳು, ನಾನೇ ನಿನ್ನ ವಾರ್ಡನ್ ಎಂಬಂತೆ. ಅವಳ ಮಂಡಿನೋವು ಹಾಗೇ ಇದೆ. ನನಗೇನೂ ಆಗಿಲ್ಲ, ಗಾಜು ಉಜ್ಜುವ ಯಂತ್ರಕ್ಕೆ ಮಾತ್ರ ಹೊಸ ಕಲ್ಲು ಹಾಕಿಸಿದೆ. ಈಗ ಸದ್ದಿಲ್ಲದೆ ತಿರುಗುತ್ತದೆ, ನಿಂತಿದೆಯೋ ಓಡುತ್ತಿದೆಯೋ ಎಂದು ಮುಟ್ಟಿ ನೋಡಬೇಕು. ಇನ್ನು ಮುಂದೆ ಬರೆಯುವ ಸುದ್ದಿಯನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಪರವಾಗಿಲ್ಲ ಬಿಡಪ್ಪ" ಎಂದುಬಿಡುತ್ತೀಯ, ನಾನೂ ಅದನ್ನೇ ಹಿಡಿದುಕೊಂಡು ನಿದ್ದೆ ಮಾಡಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹೇಳಿದಂತೆ ಸೋಮವಾರ ಲೈಸೆನ್ಸ್ ಕಚೇರಿಗೆ ಹೋಗಿದ್ದೆ. ಜೂನಿನಲ್ಲಿ ನಿನ್ನ ಕಣ್ಣು ಪರೀಕ್ಷೆಯ ಕೋರ್ಸ್ ಮುಗಿಯುತ್ತದೆ, ಅರ್ಜಿ ಈಗಲೇ ತಂದಿಟ್ಟರೆ ನೀನು ಬಂದ ಮೇಲೆ ತಡವಿಲ್ಲದೆ ಅಂಗಡಿಯ ಒಳಕೋಣೆಯಲ್ಲಿ ಕೆಲಸ ಶುರು ಮಾಡಬಹುದು ಎಂದುಕೊಂಡಿದ್ದೆ. ಅಲ್ಲಿನ ಗುಮಾಸ್ತೆ ನಿನ್ನ ಕಾಲೇಜಿನ ಹೆಸರು ಕೇಳಿಕೊಂಡು ಒಂದು ದಪ್ಪ ಪುಸ್ತಕ ತೆಗೆದಳು, ಪಟ್ಟಿಯ ಮೇಲೆ ಬೆರಳಿಟ್ಟು ಇಳಿಯುತ್ತಾ ಇಳಿಯುತ್ತಾ ಒಂದು ಕಡೆ ನಿಂತಳು. "ಆ ರಾಜ್ಯದ ಲೈಸೆನ್ಸಿಗೆ ಈ ಕಾಲೇಜು ಸರಿ ಸಾರ್. ನಮ್ಮ ರಾಜ್ಯಕ್ಕೆ ಆಗಲ್ಲ" ಎಂದಳು. ನಾನು ನಕ್ಕೆ. ಗಡಿ ದಾಟಿದರೆ ಕಣ್ಣಿನೊಳಗೆ ಏನಮ್ಮಾ ಬದಲಾಗುತ್ತದೆ ಎಂದು ಕೇಳಿದೆ. ಅವಳು ನಗಲಿಲ್ಲ, ತಾಳ್ಮೆಯಿಂದ ಬಿಡಿಸಿ ಹೇಳಿದಳು. ಇಲ್ಲಿ ಕಣ್ಣು ಪರೀಕ್ಷೆ ಮಾಡುವವರೇ ಹನಿ ಹಾಕಿ, ಪಾಪೆ ಹಿಗ್ಗಿಸಿ, ಕಣ್ಣಿನ ಹಿಂಬದಿಯನ್ನೂ ನೋಡಬೇಕಂತೆ. ನೀನಿರುವ ಕಡೆ ಆ ಹನಿಯನ್ನು ಮುಟ್ಟುವ ಹಕ್ಕು ಡಾಕ್ಟರಿಗೆ ಮಾತ್ರ. ಮುಟ್ಟಬಾರದ್ದನ್ನು ಕಾಲೇಜು ಯಾಕೆ ಕಲಿಸುತ್ತದೆ? ತನ್ನ ರಾಜ್ಯದ ಕಾನೂನು ಎಷ್ಟು ಕೇಳುತ್ತದೋ ಅಷ್ಟು ಕಲಿಸಿದೆ. ನಾಲ್ಕು ವರ್ಷ ಓದಿಯೂ ನಿನಗೆ ಆ ಒಂದು ಪಾಠ ಸಿಕ್ಕಿಲ್ಲ. ಹನಿಯ ಪಾಠಕ್ಕೇ ಆರು ತಿಂಗಳ ಕೋರ್ಸ್ ಒಂದು ಇಲ್ಲಿದೆ. ಜುಲೈನಲ್ಲಿ ಶುರು, ಅರ್ಜಿ ಈ ತಿಂಗಳ ಕೊನೆಯೊಳಗೆ ಹೋಗಬೇಕು. ಅದು ಮುಗಿದರೆ ಲೈಸೆನ್ಸಿಗೆ ಅಡ್ಡಿಯಿಲ್ಲ ಎಂದಳು.

ಎದ್ದು ಹೊರಡುವಾಗ ಅವಳು ಇನ್ನೊಂದು ಮಾತು ಹೇಳಿದಳು. ಬೇರೆ ರಾಜ್ಯದಿಂದ ಬರುವ ಮಕ್ಕಳಿಗೆ ಕಾಲೇಜಿನವರು ಇದನ್ನು ಮೊದಲೇ ಬರೆದು ತಿಳಿಸಿ, ಮನೆಯವರ ಸಹಿ ತೆಗೆದುಕೊಂಡಿರುತ್ತಾರಂತೆ. ಹಾಗೇನೂ ಬಂದಿಲ್ಲ ಎಂದು ನಾನು ದನಿ ಏರಿಸಿದೆ. ಕಾಲೇಜಿನವರಿಗೆ ಚೆನ್ನಾಗಿ ಬಿಸಿ ಮುಟ್ಟಿಸಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದು, ಸ್ಕ್ರೂ ಡಬ್ಬಿಗಳಿರುವ ಖಾನೆ ಎಳೆದರೆ, ಅಡಿಯಲ್ಲಿ ಆ ಕಾಗದದ ನಕಲು ಇತ್ತು. ನಿನ್ನ ಹೆಸರು, ಕೆಳಗೆ ನನ್ನ ಸಹಿ. ನೋಡಿದ ಕೂಡಲೇ ನಾಲ್ಕು ವರ್ಷದ ಹಿಂದಿನ ಆ ದಿನ ನೆನಪಾಯಿತು. ಮೇಷ್ಟ್ರೊಬ್ಬರು ಫ್ರೇಮ್ ಆರಿಸಲು ಬಂದಿದ್ದರು. ಇಡೀ ಅಂಗಡಿಯಲ್ಲಿ ಅವರಿಗೆ ಹಿಡಿಸಿದ್ದು ನನ್ನ ಮೂಗಿನ ಮೇಲಿದ್ದ ಫ್ರೇಮ್ ಒಂದೇ. ಗಿರಾಕಿಯನ್ನು ಬಿಡಲಾದೀತೇ? ಬಿಚ್ಚಿ ಕೊಟ್ಟೆ. ಅವರು ಅದನ್ನು ಹಾಕಿಕೊಂಡು ಕನ್ನಡಿಯ ಮುಂದೆ ಬಲಕ್ಕೆ ಎಡಕ್ಕೆ ತಿರುಗುತ್ತಿದ್ದಾಗ ನಿನ್ನ ಕಾಲೇಜಿನ ಲಕೋಟೆ ಬಂತು, ಒಳಗೆ ಐದಾರು ಹಾಳೆ. ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಕಡೆಯೆಲ್ಲ ಸಹಿ ಮಾಡಿ, ಆವತ್ತೇ ವಾಪಸ್ ಕಳಿಸಿದೆ. ಓದದೆ ಸಹಿ ಹಾಕಬೇಡಿ ಎಂದು ವಯಸ್ಸಾದವರಿಗೆಲ್ಲ ಕನ್ನಡಕದ ಜೊತೆ ಬುದ್ಧಿಯನ್ನೂ ಕಟ್ಟಿಕೊಡುವ ಮನುಷ್ಯ ನಾನು. ತಪ್ಪು ನಿನ್ನದಲ್ಲ, ಕಾಲೇಜಿನದೂ ಅಲ್ಲ, ನನ್ನದು. ನನಗೆ ನಾಚಿಕೆಯಾಗಿದೆ ಮಗಳೇ. ಅಮ್ಮನಿಗೆ ಅವತ್ತೇ ಹೇಳಿದೆ. ಆಮೇಲಿಂದ ಅವಳು ನನ್ನ ಹತ್ತಿರ ಮಾತಾಡಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ನಿನ್ನ ಹಿಂದಿನ ಕಾಗದವನ್ನು ಈಗ ಮತ್ತೆ ಓದಿದೆ. ನೀನು ಅಭ್ಯಾಸಕ್ಕೆ ಹೋಗುವ ಮಕ್ಕಳ ಕಣ್ಣಿನ ಕ್ಲಿನಿಕ್ಕಿನವರು ಜುಲೈನಿಂದ ನಿನ್ನನ್ನು ಕೆಲಸಕ್ಕೆ ಕರೆದಿದ್ದಾರೆ ಎಂದು ಎರಡೇ ಸಾಲು ಬರೆದಿದ್ದೀಯ. ನಮ್ಮ ಒಳಕೋಣೆಗೆ ಯಾವ ಬಣ್ಣದ ಪರದೆ ಎಂದು ಒಂದೂವರೆ ಪುಟ. ಆ ಎರಡು ಸಾಲಿನ ಕೆಳಗೆ, ಸಾಲಿನಲ್ಲಿ ಮುಂದಿದ್ದವರು ಓದಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬಂದ ಒಬ್ಬ ಪುಟ್ಟ ಕಳ್ಳಿಗೆ ನೀನು ಅಕ್ಷರದ ಹಲಗೆಯನ್ನೇ ತಲೆಕೆಳಗು ಮಾಡಿ ತೋರಿಸಿದ ಕಥೆ ಇದೆ. ಅಲ್ಲಿ ನಿನ್ನ ಅಕ್ಷರ ಓಡುತ್ತಿದೆ. ಪರದೆಯ ಪುಟದಲ್ಲಿ ಶಾಲೆಯ ಕಾಪಿಪುಸ್ತಕದಂತೆ ನೆಟ್ಟಗೆ ನಿಂತಿದೆ. ಇದನ್ನು ನಾನು ಮೊದಲ ಸಲವೇ ನೋಡಬೇಕಿತ್ತು. ಇಲ್ಲಿ ನಾನು ಗೋಡೆಗೆ ಬಿಳಿ ಬಣ್ಣ ಬಳಿಸಿ, ಕೋಣೆ ಮೂರೇ ಮೀಟರ್ ಎಂದು ಎದುರು ಗೋಡೆಗೆ ಕನ್ನಡಿ ಹೊಡೆಸಿ, ಹಲಗೆ ಓದಿಸಲು ಬೇಕಾದ ಆರು ಮೀಟರ್ ದೂರ ಮಾಡಿ ಕೂತಿದ್ದೇನೆ. ದಿನಾ ಬೆಳಿಗ್ಗೆ ಆ ಕನ್ನಡಿ ಒರೆಸುತ್ತೇನೆ. ಆರು ತಿಂಗಳು ತಾನೇ, ಬಾ ಎಂದು ಬರೆಯಲು ಕೈ ತುರಿಸುತ್ತಿದೆ. ಆದರೆ ಅಂದು ಓದದೆ ಸಹಿ ಹಾಕಿದ್ದೂ ಇದೇ ಕೈ, ಅದಕ್ಕೆ ಅದನ್ನು ನಂಬುತ್ತಿಲ್ಲ. ಕೋರ್ಸಿನ ಅರ್ಜಿ ಇದರ ಜೊತೆಗಿದೆ. ತುಂಬುವುದೂ ಬಿಡುವುದೂ ನಿನ್ನ ಇಷ್ಟ. ಬಿಟ್ಟರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ ಎಂದು ಸುಳ್ಳು ಹೇಳಲಾರೆ, ಆದರೆ ಆ ಬೇಸರ ನನ್ನದು, ಅದನ್ನು ನೀನು ಹೊರಬೇಕಾಗಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು, ಕೆಮ್ಮಿಗೆ ಬಿಸಿನೀರು ಕುಡಿ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ಈ ಸಲ ಕನ್ನಡಕ ಹಾಕಿಕೊಂಡೇ ಸಹಿ ಮಾಡುತ್ತಿರುವ,
ನಿನ್ನ ಅಪ್ಪ

ತಾ.ಕ.: ಶುಕ್ರವಾರ, ಅಂಚೆಪೆಟ್ಟಿಗೆಯ ಮುಂದೆ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ಕಾಗದ ಎರಡು ದಿನ ಮೇಜಿನ ಮೇಲೇ ಇತ್ತು, ಅಮ್ಮ ಓದಿದ್ದಾಳೆ. ನಿನ್ನೆ ಬಡಿಸುತ್ತಾ ಕೊನೆಗೂ ಬಾಯಿ ಬಿಟ್ಟಳು. "ಅವಳಿರೋ ಕಡೆ ನಿಮ್ಮ ಕೆಲಸಕ್ಕೂ ಲೈಸೆನ್ಸ್ ಬೇಕಾ? ಕೇಳ್ಕೊಂಡು ಬನ್ನಿ" ಎಂದಳು. ಬೆಳಿಗ್ಗೆ ಹೋಗಿ ಕೇಳಿದೆ. ಗುಮಾಸ್ತೆಗೂ ಗೊತ್ತಿರಲಿಲ್ಲ, ಪಾಪ, ನಿನ್ನ ರಾಜ್ಯದ ಕಚೇರಿಗೆ ಫೋನ್ ಮಾಡಿ ನನ್ನ ಕೈಗೇ ಕೊಟ್ಟಳು. ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವನಿಗೆ ಅಲ್ಲಿ ಯಾವ ಲೈಸೆನ್ಸೂ ಬೇಡವಂತೆ. ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಯಂತ್ರ ಬಿಚ್ಚಿದರೆ ನಾಲ್ಕು ತುಂಡಾಗುತ್ತದೆ, ನೀನಿರುವಲ್ಲಿಗೆ ತರುವುದು ಕಷ್ಟವಲ್ಲ. ಅಮ್ಮ ಆಗಲೇ ಕನ್ನಡಿಯ ಅಳತೆ ತೆಗೆದು ಪೆಟ್ಟಿಗೆ ಹುಡುಕುತ್ತಿದ್ದಾಳೆ.