ಹಗುರ ಎಂಬ ಮಾತು

ಮಂಗಳವಾರ, ೧೪

ಸಾಯಂಕಾಲ ನಾನಾಡಿದ ಒಂದು ಮಾತು ನನ್ನನ್ನೇ ಚುಚ್ಚುತ್ತಿದೆ. ನಾಳೆ ನಮ್ಮ ತಂಡದ ನಾಟಕ, ಮುಖ್ಯ ಪಾತ್ರ ನನ್ನದು. ಗುಡುಗು, ಕುದುರೆಯೋಟ, ಯುದ್ಧದ ನಗಾರಿ ಎಲ್ಲವನ್ನೂ ನುಡಿಸುವ ನಮ್ಮ ಹಳೇ ಕಂಪ್ಯೂಟರು ಏದುಸಿರು ಬಿಡುತ್ತಿತ್ತು. ಅದರಲ್ಲಿ ಈ ಸದ್ದುಗಳನ್ನು ನುಡಿಸಲು ಸೊಸೆ ಮೂರು ಮುಕ್ತ ತಂತ್ರಾಂಶ, ಅಂದರೆ ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದವು, ತಂದಳು.

“ಮೂರೂ ಹಗುರ, ಮಾವ.”

“ಹಗುರದವರನ್ನ ಕಟ್ಕೊಂಡು ಯುದ್ಧ ಮಾಡಿಸ್ತೀಯೇನಮ್ಮ?” ಎಂದು ಗರ್ಜಿಸಿದೆ.

ಮೊದಲನೆಯದು ಬಣ್ಣಬಣ್ಣದ ಗುಂಡಿ, ಚಿತ್ರಗಳ ಕಿರೀಟ, ಭುಜಕೀರ್ತಿ ಸಮೇತ ಪರದೆಗೆ ಬಂದು ನಡುರಂಗದಲ್ಲಿ ಉಸಿರುಗಟ್ಟಿ ನಿಂತಿತು. ಎರಡನೆಯದು ಬಲು ಚುರುಕು, ಆದರೆ ಮೂಕ. ಸ್ಪೀಕರಿನ ಗುರುತೇ ಅದಕ್ಕೆ ಹತ್ತಲಿಲ್ಲ. ಮೂರನೆಯದು ಬರಿಮೈಯಲ್ಲಿ ಬಂತು. ಕಪ್ಪು ಪರದೆ, ನಾಲ್ಕು ಅಕ್ಷರ, ಅಷ್ಟೇ. ಇಡೀ ತಂತ್ರಾಂಶ ನಮ್ಮ ಗುಡುಗಿನ ಫೈಲಿಗಿಂತ ಚಿಕ್ಕದಂತೆ. ಸೊಸೆ ಒಂದು ಕೀಲಿ ಒತ್ತಿದಳು. ಕಿಟಕಿಯ ಗಾಜು ನಡುಗಿತು, ನನ್ನ ಎದೆಯೂ.

“ಹಗುರ ಅಂತ ಹಗುರವಾಗಿ ತಗೋಬೇಡಿ, ಮಾವ.”

ಆಮೇಲೆ ಅದನ್ನು ಬರೆದವರ ಪಟ್ಟಿ ತೋರಿಸಿದಳು. ಒಂದು ಚಪ್ಪಾಳೆಯನ್ನೂ ಕೇಳದೆ, ಕಾಸು ಮುಟ್ಟದೆ, ತಂತ್ರಾಂಶದ ಭಾರವನ್ನು ಸಾಲು ಸಾಲಾಗಿ ಇಳಿಸುತ್ತ ಕೂತ ನೂರಾರು ಜನ. ನಾನೋ ನಲವತ್ತು ವರ್ಷ ರಂಗದ ಮೇಲೆ ಗಂಟಲು ಹರಿದುಕೊಂಡು ಮಾತಿನ ಭಾರ ಏರಿಸುತ್ತಲೇ ಬಂದವನು. ನಾಳೆ ಕೊನೆಯ ಅಂಕದ ಮಾತನ್ನು ಒಂದೇ ಒಂದು ಸಲ ಮೆಲ್ಲಗೆ ಹೇಳಿ ನೋಡಿದರೆ...