ಗಂಟೆ ಬಾರಿಸಲು ಒಪ್ಪಿಗೆ ಕೋರಿ

ಕಡ್ಲಿಹಾಳ
ಎರಡನೇ ಆಷಾಢ, ತಿಥಿ ಮೂವತ್ತೊಂದು, ಇಸವಿ ೨೨೧೧

ನಮಗಿಂತ ಎಷ್ಟೋ ತಲೆಮಾರು ಹಿಂದೆ ಕಡ್ಲಿಹಾಳದ ಪಾಳು ರೈಲು ನಿಲ್ದಾಣವನ್ನು ಮ್ಯೂಸಿಯಂ ಮಾಡುತ್ತಿರುವ ಹಿರಿಯರೆಲ್ಲರಿಗೆ, ಅದರಲ್ಲೂ ಬೋರ್ಡು ಬರೆಯುತ್ತಿರುವ ನೀಲವ್ವ ಹೊಸಮನಿ ಅವರಿಗೆ, ಇಂದುಧರನ ನಮಸ್ಕಾರಗಳು.

ತಿಥಿ ನೋಡಿ ನಗಬೇಡಿ. ನಮ್ಮಲ್ಲಿ ಆಷಾಢ ಮುಗಿಯುವುದೇ ಇಲ್ಲ, ಪಂಚಾಂಗದವರು ಕೈಚೆಲ್ಲಿ ಕೂತಿದ್ದಾರೆ. ನನ್ನ ಬರಹದ ಕನ್ನಡವೂ ನಿಮಗೆ ವಿಚಿತ್ರ ಅನಿಸೀತು. ನಿಮ್ಮ ಗೋಡೆಬರಹ ಓದಿ ಓದಿ ಕಲಿತದ್ದು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹಗಲೆಲ್ಲ ಬಿಸಿಲು ತಾಳದೆ ನಾವು ತಂಪುಬೀದಿಯಲ್ಲಿರುತ್ತೇವೆ. ಅಂದರೆ ನೆಲದಡಿ ತೋಡಿದ ಓಣಿ. ರೊಟ್ಟಿ ಬಡಿಯುವುದು, ಮದುವೆ, ಜಗಳ ಎಲ್ಲ ಅಲ್ಲೇ. ಹೊತ್ತಿಳಿದು ಮೇಲೆ ಬಂದರೆ ಊರಲ್ಲಿ ನಿಂತಿರುವ ಹಳೆಯ ಕಟ್ಟಡ ನಿಮ್ಮ ನಿಲ್ದಾಣ ಒಂದೇ. ಭಾನುವಾರದ ನಿದ್ದೆ ಬಿಟ್ಟು ನೀವು ಜಾಲಿ ಕಡಿದು, ಬಾವಲಿ ಓಡಿಸಿ, ಟಿಕೆಟ್ ಕಿಟಕಿಗೆ ಹಸಿರು ಬಣ್ಣ ಹೊಡೆದಿರಲ್ಲ, ಅದೆಲ್ಲ ಹಾಗೇ ಇದೆ. ಹಳಿಯ ತುಂಡು ನೇತುಹಾಕಿ ಮಾಡಿದ ಗಂಟೆಯೂ ಇದೆ. ಅದರ ಮೇಲ್ಗಡೆ ಗೋಡೆಯಲ್ಲಿ ನೀಲವ್ವನವರ ದುಂಡನೆಯ ಅಕ್ಷರದ ಬೋರ್ಡು, ಮೂಲೆಯಲ್ಲಿ ಅವರ ಸಹಿ: ಮುಟ್ಟಬೇಡಿ.

ಕಷ್ಟ ಅಲ್ಲೇ. ಮ್ಯೂಸಿಯಂ ಕಾಯುವುದು ಕಾವಲುಗಣ್ಣು ಎಂಬ ಯಂತ್ರ. ಹಿಂದಿನವರು ಬರೆದದ್ದೆಲ್ಲ ಕಾನೂನು ಎಂದು ಯಾವನೋ ಪುಣ್ಯಾತ್ಮ ಅದಕ್ಕೆ ಕಲಿಸಿಟ್ಟಿದ್ದಾನೆ. ಉಗುಳಬೇಡಿ ಎಂದು ನೀವು ಬರೆಯಲು ಮರೆತ ಮೂಲೆಯಲ್ಲಿ ಯಾರು ಉಗುಳಿದರೂ ಅದಕ್ಕೆ ಚಿಂತೆಯಿಲ್ಲ. ಗಂಟೆಯತ್ತ ಕೈ ಚಾಚಿದರೆ ಮಾತ್ರ ಸುತ್ತ ಕಬ್ಬಿಣದ ಪರದೆ ಇಳಿದುಬಿಡುತ್ತದೆ.

ನಮ್ಮವ್ವ ಗೌರಕ್ಕ ಹುಡುಗಿಯಾಗಿದ್ದಾಗಿನಿಂದ ಈ ನಿಲ್ದಾಣ ನೋಡಿಕೊಂಡವಳು. ಗಂಟೆಯ ಧೂಳನ್ನು ದೂರ ನಿಂತು ಗಾಳಿ ಹಾಯಿಸಿಯೇ ತೆಗೆದಳು, ಒಂದು ದಿನವೂ ಬೆರಳು ತಾಗಿಸಲಿಲ್ಲ. ಈಗ ಕಣ್ಣು ಹೋಗಿವೆ, ಉಸಿರೂ ಇಂದೋ ನಾಳೆಯೋ ಅನ್ನುವಂತಿದೆ. "ಜಲ್ಮೆಲ್ಲಾ ಕಾದೇನಿ, ಅದರ ದನಿ ಹೆಂಗೈತಿ ಅಂತ ಗೊತ್ತಿಲ್ಲ. ಒಮ್ಮಿ ಬಡದ ಕೇಳಸೋ. ಕಬ್ಬಿಣ ಐತಿ, ಸವದ ಹೋಗ್ತೈತೇನ?" ಅನ್ನುತ್ತಾಳೆ. ಮ್ಯೂಸಿಯಂ ಕಚೇರಿಗೆ ಅಲೆದೆ, ಕೈಕಾಲು ಹಿಡಿದೆ. ಅಲ್ಲಿಯವರು ಕೆಟ್ಟವರಲ್ಲ, ಅವರ ಕೈಯಲ್ಲೂ ಏನಿಲ್ಲ. ಬೋರ್ಡು ಬರೆದವರ ಒಪ್ಪಿಗೆ ತಂದರೆ ಯಂತ್ರ ಬಿಡುತ್ತದಂತೆ. ಬರೆದವರು ಮಣ್ಣಾಗಿ ಎಷ್ಟು ತಲೆಮಾರಾಯಿತು! ಸಿಟ್ಟು ಬಂತು, ನಿಮ್ಮ ಮೇಲೂ ಬಂತು. ಆಮೇಲೆ ಅಳು ಬಂತು. ನೀವು ಅಷ್ಟು ಪ್ರೀತಿಯಿಂದ ಉಳಿಸದಿದ್ದರೆ ಅವ್ವನಿಗೆ ಕಾಯಲು ಏನೂ ಇರುತ್ತಿರಲಿಲ್ಲ, ಅದೂ ಗೊತ್ತು.

ಈ ಕಾಗದ ನಿಮಗೆ ಹೇಗೆ ತಲುಪುತ್ತದೋ ತಿಳಿಯದು. ಟಿಕೆಟ್ ಕಿಟಕಿಯೊಳಗೆ ತೂರಿಸುತ್ತೇನೆ, ಬೇರೆ ದಾರಿ ಕಾಣಲಿಲ್ಲ.

ನೀಲವ್ವನವರೇ, ಬಣ್ಣದ ಡಬ್ಬಿ ಮುಚ್ಚುವ ಮುಂಚೆ ಬೋರ್ಡಿನ ಕೆಳಗೆ ಇನ್ನೊಂದು ಸಾಲು ಸೇರಿಸಿಬಿಡಿ: ಗೌರಕ್ಕ ಮುಟ್ಟಬಹುದು. ನೀವು ಬರೆದಿದ್ದರೆ ಅದು ಇಲ್ಲಿ ಇಷ್ಟು ಹೊತ್ತಿಗೆ ಇರಬೇಕಲ್ಲವೇ? ಬರೆಯುತ್ತ ಬರೆಯುತ್ತಲೇ ಎದ್ದು ಹೋಗಿ ನೋಡಿ ಬಂದೆ. ಬೋರ್ಡಿನ ಕೆಳಗೆ ಬರೀ ಗೋಡೆ. ಅವ್ವ ಮಲಗಿದಲ್ಲಿಂದಲೇ "ಒಪ್ಪಿಗಿ ಬಂತೇನೋ?" ಎಂದು ಕೇಳಿದಳು. ಬರಾಕತ್ತೈತಿ ಅಂದಿದ್ದೇನೆ.